ಫ್ರಿಜ್ಜಿಗೆ ಕಂಬಳಿ

ಹೋದ ವರ್ಷ ಮೇ ತಿಂಗಳಲ್ಲಿ ಕುರಿಗಳಿಗೆ ಕರುಳುಬೇನೆ ಲಸಿಕೆ ತಂದು ತೋಟದ ಮನೆ ಫ್ರಿಜ್ಜಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ಫ್ರಿಜ್ ಆಫ್, ಒಳಗೆ 15 ಡಿಗ್ರಿ. ಈ ಲಸಿಕೆ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಎಷ್ಟೊತ್ತಿಂದ ಹಾಗಿತ್ತೋ, ನಂಬಿಕೆ ಸಾಲದೆ ಅಷ್ಟೂ ಎಸೆದೆ. ದುಡ್ಡು ಹೋಗ್ಲಿ, ಮಳೆ ಬಿದ್ದು ಎಳೆ ಹುಲ್ಲು ಚಿಗುರೋದ್ರೊಳಗೆ ಹಾಕಬೇಕಿತ್ತಲ್ಲ, ಅದೇ ಸಂಕಟ.

ತೋಟಕ್ಕೆ ಕರೆಂಟ್ ಲೈನ್ ಇಲ್ಲ. ಒಂದು ಸೋಲಾರ್ ಪ್ಯಾನೆಲ್, ಹಳೇ ಬ್ಯಾಟರಿ, ಕಾರಲ್ಲಿ ಒಯ್ಯೋ ಥರದ 12 ವೋಲ್ಟಿನ 45 ವ್ಯಾಟ್ ಫ್ರಿಜ್. ಎಲ್ರೂ ಹೊಸ ಬ್ಯಾಟರಿ ಹಾಕ್ಸು ಅಂದ್ರು. ನಾನು ಒಂದು ರಾತ್ರಿ ಗಡಿಯಾರ ಹಿಡಿದು ಕೂತೆ. ಗಂಟೆಗೆ ಹತ್ತತ್ರ 30 ನಿಮಿಷ ಕಂಪ್ರೆಸರ್ ಓಡ್ತಿತ್ತು. 12 ಗಂಟೆ ರಾತ್ರಿಗೆ 22 ಆಂಪಿಯರ್-ಅವರ್ ಮೇಲೆ ಬೇಕು. ನಮ್ಮ ಮುದಿ ಬ್ಯಾಟರಿ ಎಲ್ಲಿಂದ ತರುತ್ತೆ?

ಥರ್ಮಾಕೋಲ್ ತಂದೆ. ನಮ್ಮ ದೊಡ್ಡಪ್ಪ ನೋಡಿ, "ಕಂಬಳಿ ಹೊದ್ಸಿದ್ರೆ ಬಿಸಿಯಾಗಲ್ವೇನೋ?" ಅಂದ್ರು. ಕಂಬಳಿಗೆ ತನ್ನದೇ ಬಿಸಿ ಎಲ್ಲಿದೆ ದೊಡ್ಡಪ್ಪ, ಹೊರಗಿಂದು ಒಳಗೆ ಬರದ ಹಾಗೆ ತಡೆಯುತ್ತೆ ಅಷ್ಟೇ, ಐಸ್ ಗಡ್ಡೆಗೆ ಮರದ ಹೊಟ್ಟು ಮುಚ್ಚಲ್ವಾ ಅಂದೆ. ದೊಡ್ಡ ಪಂಡಿತನ ಹಾಗೆ ಮಾತಾಡಿ, ನಾಲ್ಕೂ ಕಡೆ ಮುಚ್ಚಿಬಿಟ್ಟೆ. ಮಾರನೇ ದಿನ ಕಂಪ್ರೆಸರ್ ನಿಲ್ಲದೇ ಓಡ್ತಿದೆ! ಒಳಗಿನ ಬಿಸಿ ಹೊರಗೆ ಊದೋ ಜಾಲರಿಯನ್ನೇ ಮುಚ್ಚಿದ್ದೆ. ದೊಡ್ಡಪ್ಪನ ಮಾತು ಆ ಒಂದು ಕಡೆ ಮಟ್ಟಿಗೆ ನಿಜವೇ ಆಯ್ತು.

ಹಾಗಾಗಿ ಮೊದಲು ಫ್ರಿಜ್ ಒಂದು ಗಂಟೆ ಓಡ್ಲಿ, ಆಮೇಲೆ ಸುತ್ತ ಕೈಯಿಟ್ಟು ನೋಡಿ. ಬೆಚ್ಚಗಿರೋ ಕಡೆ, ಗಾಳಿ ಬರೋ ಕಡೆ ಮುಟ್ಟಲೇಬೇಡಿ. ತಣ್ಣಗಿರೋ ಕಡೆಗೆ ಮಾತ್ರ ಎರಡು ಇಂಚಿನ ಹಾಳೆ. ಸ್ಕ್ರೂ ಹೊಡೀಬೇಡಿ, ಗೋಡೆಯೊಳಗೆ ಗ್ಯಾಸಿನ ಪೈಪ್ ಇರಬಹುದು. ಸಂದುಗಳಿಗೆ ಟೇಪ್ ಸುತ್ತಿ, ಇಲ್ಲಾಂದ್ರೆ ನಡುವೆ ಬೆವರು ಕೂತು ನೀರಾಗುತ್ತೆ. ಅಡಿಗೂ ಒಂದು ಹಾಳೆ ಹಾಕಿದೆ.

ಮುಚ್ಚಳದ ರಬ್ಬರ್ ಮರೀಬೇಡಿ. ನೋಟು ಸಿಕ್ಕಿಸಿ ಎಳೆದ್ರೆ ಬಿಗಿಯಾಗಿ ಬರಬೇಕು. ನಂದು ಒಂದು ಮೂಲೇಲಿ ಸಲೀಸಾಗಿ ಬಂತು, ರಬ್ಬರ್ ಬದಲಾಯಿಸಿದೆ. ಖಾಲಿ ಜಾಗಕ್ಕೆ ನೀರಿನ ಬಾಟ್ಲಿ ತುಂಬಿ ಹಗಲಲ್ಲೇ, ಬಿಸಿಲಿರುವಾಗ, ತಣ್ಣಗೆ ಮಾಡ್ಕೊಳ್ತೀನಿ. ರಾತ್ರಿ ಅದೇ ಕಾಯುತ್ತೆ. ಲಸಿಕೆ ಮಾತ್ರ ಗೋಡೆಗೆ ತಾಗದ ಹಾಗೆ ಇಡಿ, ಹೆಪ್ಪುಗಟ್ಟಿದ್ರೂ ಕೆಟ್ಟ ಹಾಗೇನೇ.

ಈಗ ಗಂಟೆಗೆ 20 ನಿಮಿಷ ಓಡುತ್ತೆ. ರಾತ್ರಿಗೆ 15 ಆಂಪಿಯರ್-ಅವರ್. ಹಳೇ ಬ್ಯಾಟರೀನೇ ಬೆಳಗಿನವರೆಗೂ ತಡೀತಿದೆ, ನಿನ್ನೆ ಆರು ಗಂಟೆಗೆ ನೋಡಿದಾಗ ಒಳಗೆ 5 ಡಿಗ್ರಿ.

ಗುರುವಾರ ಲಸಿಕೆ ತರೋಕೆ ಹೋಗ್ತಿದೀನಿ. ಅಕ್ಕಪಕ್ಕದ ಕುರಿ ಸಾಕೋರು ಯಾರಿಗಾದ್ರೂ ಇಡೋಕೆ ಜಾಗ ಬೇಕಿದ್ರೆ ಹೇಳಿ.