ಗಾಲಿಮನೆಯ ನೀರು

ಕಳೆದ ಬೇಸಿಗೆಯಲ್ಲಿ ಗಳಿಕೆ ರಜೆಯನ್ನೂ ಇಲಾಖೆಯ ಅನುಮತಿಪತ್ರವನ್ನೂ ಪಡೆದು ನಾವು ದಂಪತಿ ದೆಹಲಿಯಿಂದ ಅಮೆರಿಕದ ಮಿಷಿಗನ್ನಿನಲ್ಲಿರುವ ಅಣ್ಣನ ಮನೆಗೆ ಹೋದೆವು. 2021ರಲ್ಲಿ ಅಮ್ಮ ತೀರಿಕೊಂಡಾಗ ಅವನು ಬಂದಿರಲಿಲ್ಲ. ಆ ಮಾತನ್ನು ಎತ್ತುವುದೋ ಬಿಡುವುದೋ ಎಂಬ ತೂಗಾಟದಲ್ಲಿಯೇ ನಮ್ಮ ಪ್ರಯಾಣ ಕಳೆದಿತ್ತು.

ಅವನ ಅಂಗಳದಲ್ಲಿ 1960ರ ದಶಕದ ಟ್ರೇಲರ್ ಒಂದು ನಿಂತಿತ್ತು. ಕಾರಿನ ಹಿಂದೆ ಕಟ್ಟಿ ಎಳೆಯುವ, ಮಲಗಲು, ಅಡುಗೆ ಮಾಡಲು ಎಡೆಯಿರುವ ಗಾಲಿಮನೆ. ಹಿಂದಿನ ಒಡೆಯರು ಯಾವುದೋ ಚಳಿಗಾಲದಲ್ಲಿ ನೀರನ್ನು ಬಸಿಯದೆ ಬಿಟ್ಟಿದ್ದರು. ಹೆಪ್ಪುಗಟ್ಟುವ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ತಾಮ್ರದ ಕೊಳವೆಗಳು ಅಲ್ಲಲ್ಲಿ ಸೀಳಿಹೋಗಿದ್ದವು.

“ಒಳ್ಳೆಯ ಹೊತ್ತಿಗೆ ಬಂದಿರಿ, ಹಿಡಿದುಕೊಳ್ಳಲು ಕೈ ಬೇಕಿತ್ತು” ಎಂದ ಅಣ್ಣ.

ನಾಲ್ಕು ದಿನ ಅದೇ ಕೆಲಸ. ತಾಮ್ರ ಕಿತ್ತು, ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಕೊಳವೆ ಎಳೆದೆವು: ಬಿಸಿನೀರಿಗೆ ಕೆಂಪು, ತಣ್ಣೀರಿಗೆ ನೀಲಿ. ಬೆಂಚಿನ ಕೆಳಗೆ 20 ಗ್ಯಾಲನ್, ಅಂದರೆ ಸುಮಾರು 76 ಲೀಟರಿನ ತೊಟ್ಟಿ. ಅದರಿಂದ ನೀರೆಳೆಯಲು 12 ವೋಲ್ಟಿನ ಪಂಪು, ಪಂಪಿನ ಮುಂದೆ ಕಸ ತಡೆಯುವ ಜಾಲರಿ. ನಲ್ಲಿ ತಿರುಗಿಸಿದರೆ ಒತ್ತಡ ಇಳಿದು ಪಂಪು ತಾನೇ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ತಂಗುದಾಣದ ನಲ್ಲಿಗೆ ಜೋಡಿಸಲು ಬೇರೊಂದು ಬಾಯಿ. ಅಲ್ಲಿಯ ನೀರು ಹಿಂದಕ್ಕೆ ಹರಿದು ತೊಟ್ಟಿಗೆ ನುಗ್ಗದಂತೆ ಒಂದೇ ದಿಕ್ಕಿಗೆ ತೆರೆಯುವ ಕವಾಟ. ಎಲ್ಲಕ್ಕಿಂತ ತಗ್ಗಿನಲ್ಲಿ ಬಸಿಯಲು ಒಂದು ತೂಬು. ಬೆಳಗ್ಗೆ ಒಂದು ಗಂಟೆ ಮಾತ್ರ ನೀರು ಬರುವ ಸರಕಾರಿ ವಸತಿಗೃಹದ ನಮಗೆ, ಅಳೆದು ಬಳಸುವ ಆ ಲೆಕ್ಕಾಚಾರ ಹೊಸದೆನಿಸಲಿಲ್ಲ.

ಕೊನೆಯ ಸಂಜೆ ತೊಟ್ಟಿ ತುಂಬಿಸಿ ಗುಂಡಿ ಒತ್ತಿದೆವು. ಪಂಪು ಓಡಿ ನಿಂತಿತು. ಎರಡು ನಿಮಿಷದ ಮೇಲೆ, ನಲ್ಲಿಗಳೆಲ್ಲ ಮುಚ್ಚಿದ್ದರೂ, ಮತ್ತೊಮ್ಮೆ ಗುರುಗುಟ್ಟಿತು.

“ಎಲ್ಲೋ ಸೋರುತ್ತಿದೆ” ಎಂದ ಅಣ್ಣ.

ಟಾರ್ಚು ಹಿಡಿದು ನೆಲಕ್ಕೆ ಮಲಗಿ, ಒಂದೊಂದು ಜೋಡಣೆಯನ್ನೂ ಒಣಬಟ್ಟೆಯಿಂದ ಒರೆಸಿ ನೋಡತೊಡಗಿದೆವು. ಪರಸ್ಪರರ ಮುಖ ಕಾಣದ ಆ ಇಕ್ಕಟ್ಟಿನಲ್ಲಿ ಅಣ್ಣ ಕೇಳಿದ: “ಅಮ್ಮನ ಬಾಯಿಗೆ ನೀರು ನೀವೇ ಬಿಟ್ಟಿರಲ್ಲವೆ?”

“ಇಲ್ಲ. ಆಸ್ಪತ್ರೆಯೊಳಗೆ ನಮ್ಮನ್ನೂ ಬಿಡಲಿಲ್ಲ” ಎಂದೆವು.

ಇಷ್ಟು ವರ್ಷ ಅವನಿಗೆ ಹೇಳದೆ ಉಳಿಸಿಕೊಂಡಿದ್ದ ಮಾತು ಅದು. ಹೇಳಿದರೆ ಅವನನ್ನು ದೂರುವ ನಮ್ಮ ಹಕ್ಕು ಹೋದೀತೆಂಬ ಅಂಜಿಕೆ ನಮಗಿತ್ತು. ಅವನೋ, ನಾವಾದರೂ ಹತ್ತಿರವಿದ್ದೆವೆಂದೇ ನಂಬಿ ಸಮಾಧಾನ ಪಟ್ಟುಕೊಂಡಿದ್ದ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಸಿಂಕಿನ ಕೆಳಗಿನ ಜೋಡಣೆಯಲ್ಲಿ ಹನಿಯೊಂದು ಕಂಡಿತು. ಹಳೆಯ ಉಂಗುರ ಕತ್ತರಿಸಿ, ಹೊಸದನ್ನು ಹಾಕಿ ಒತ್ತಿದೆವು. ಆ ರಾತ್ರಿ ಪಂಪು ಮತ್ತೆ ಸದ್ದು ಮಾಡಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ದೆಹಲಿಯಿಂದ ಫೋನ್ ಮಾಡಿ ಕೇಳಿದೆವು: “ನೀರು ಬಸಿದೆಯಾ?”

“ಬಸಿದೆ” ಎಂದ ಅಣ್ಣ. ಆದರೆ ಫೋನ್ ಇಡಲಿಲ್ಲ. ಅಮ್ಮನ ಕೊನೆಯ ದಿನಗಳನ್ನು ಮೊದಲಿನಿಂದ ಹೇಳಿರೆಂದ.