ಟಚಿಂಗ್ ಮಾಡದ ಫೋಟೋಗಳು

ಜನವರಿ 19, 2017

ಸ್ಟುಡಿಯೋ ಬಾಗಿಲು ಹಾಕಿ ಬಂದವನು ಊಟಕ್ಕೂ ಮೊದಲು ಕಂಪ್ಯೂಟರ್ ಮುಂದೆ ಕೂತೆ. ಡಾಫ್ನಿಸ್ ಬಂದಿದ್ದಾನೆ! ಕ್ಯಾಸಿನಿ ನೌಕೆ 16ರಂದು 28,000 ಕಿ.ಮೀ. ದೂರದಿಂದ ತೆಗೆದದ್ದು. ಎಂಟು ಕಿ.ಮೀ. ಅಗಲದ ಮರಿಚಂದ್ರ. ಶನಿಯ ಉಂಗುರದಲ್ಲಿ ಅವನು ಸುತ್ತುವ ಕೀಲರ್ ಓಣಿಯ ಅಗಲ 42 ಕಿ.ಮೀ. ಓಣಿಯ ಎರಡೂ ಅಂಚಲ್ಲಿ ಅಲೆ ಎದ್ದಿದೆ. ಒಳಅಂಚಿನ ಅಲೆ ಅವನಿಗಿಂತ ಮುಂದೆ, ಹೊರಅಂಚಿನದು ಹಿಂದೆ. ಯಾಕೆ ಹೀಗೆ ಅಂತ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಶನಿಗೆ ಹತ್ತಿರದ ಕಣಗಳಿಗೆ ಓಟ ಜಾಸ್ತಿ. ಡಾಫ್ನಿಸ್‌ನನ್ನು ಹಾಯುವಾಗ ಅವನ ಸೆಳೆತಕ್ಕೆ ತೂರಾಡಿ, ತೂರಾಡುತ್ತಲೇ ಮುಂದೆ ಹೋಗಿಬಿಡುತ್ತವೆ. ಹೊರಗಿನವು ನಿಧಾನ, ಅವನೇ ಅವನ್ನು ಅಲ್ಲಾಡಿಸಿ ದಾಟಿ ಹೋಗುತ್ತಾನೆ.

2009ರ ಫೋಟೋಗಳನ್ನೂ ಮತ್ತೆ ತೆಗೆದು ನೋಡಿದೆ. ಆ ವರ್ಷ ಸೂರ್ಯ ಉಂಗುರಗಳ ಮಟ್ಟಕ್ಕೇ ಬಂದಿದ್ದ. ಪಕ್ಕದ ಲೈಟ್ ಬಿಟ್ಟರೆ ಮುಖದ ಮೊಡವೆ ಎದ್ದು ಕಾಣುವುದಿಲ್ಲವೇ, ಹಾಗೆ ಈ ಅಲೆಗಳು ಉದ್ದುದ್ದ ನೆರಳು ಚೆಲ್ಲಿವೆ. ನೆರಳು ಅಳೆದು ಎತ್ತರ ತೆಗೆದರು: ಒಂದೂವರೆ ಕಿ.ಮೀ. ವಿಜ್ಞಾನಿಗಳು ಇದಕ್ಕೆ ಏನಂತಾರೋ, ನಮ್ಮ ಕಸುಬಿನಲ್ಲಿ ಇದು ಲೈಟಿಂಗ್ ಅಷ್ಟೆ.

ಫೆಬ್ರವರಿ 6

ಮರ್ಯಾದೆ ಹೋಯಿತು. ಪುಣ್ಯಕ್ಕೆ ನನ್ನ ಮುಂದೆ ಮಾತ್ರ.

ಶನಿಯ ಎಫ್ ಉಂಗುರದ ಕಚ್ಚಾ ಫೋಟೋ ಒಂದರಲ್ಲಿ ಸೂಜಿಮೊನೆಯಂಥ ಬಿಳಿ ಚುಕ್ಕೆ. ಗೊತ್ತಿರುವ ಯಾವ ಚಂದ್ರನೂ ಆ ಜಾಗದಲ್ಲಿ ಇರಬೇಕಾದವನಲ್ಲ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಹೆಸರೂ ಯೋಚಿಸಿಟ್ಟಿದ್ದೆ, ಇಲ್ಲಿ ಬರೆಯಲಾರೆ. ಬೆಳಿಗ್ಗೆ ಹಿಂದಿನ ಫ್ರೇಮು, ಮುಂದಿನ ಫ್ರೇಮು ಇಳಿಸಿಕೊಂಡು ನೋಡಿದರೆ ಚುಕ್ಕೆಯ ಸುಳಿವೇ ಇಲ್ಲ. ಕಾಸ್ಮಿಕ್ ಕಿರಣ ಸೆನ್ಸರಿಗೆ ಬಡಿದ ಗುರುತು. ನಿಜವಾದ ಚಂದ್ರ ಸಾಲು ಫ್ರೇಮುಗಳಲ್ಲಿ ಲೆಕ್ಕ ತಪ್ಪದೆ ಸರಿಯುತ್ತಾನೆ. ಕ್ಯಾಮೆರಾ ಚಂದ್ರನ ಬೆನ್ನು ಹತ್ತಿದ್ದರೆ ನಕ್ಷತ್ರಗಳು ಒಂದೇ ದಿಕ್ಕಿಗೆ ಒಂದೇ ಅಳತೆಯ ಗೆರೆ ಎಳೆದಿರುತ್ತವೆ. ಕಿರಣದ ಪೆಟ್ಟು ಬೀಳುವುದು ಒಂದೇ ಫ್ರೇಮಿನಲ್ಲಿ. ಮೂವತ್ತು ವರ್ಷ ಧೂಳಿನ ಚುಕ್ಕೆಗಳಿಗೆ ಬ್ರಷ್ ಹಚ್ಚಿದವನು ನಾನು. ಕಂಡ ಚುಕ್ಕೆಯನ್ನೆಲ್ಲ ಅಳಿಸುತ್ತಿದ್ದವನಿಗೆ ಈಗ ಕಂಡ ಚುಕ್ಕೆಯೆಲ್ಲ ಚಂದ್ರ.

ಮಾರ್ಚ್ 10

ಪ್ಯಾನ್, ಶನಿಯ ಇನ್ನೊಬ್ಬ ಮರಿಚಂದ್ರ. 7ರಂದು 24,600 ಕಿ.ಮೀ. ಹತ್ತಿರದಿಂದ. ಕ್ಯಾಸಿನಿಯ ಟೆಲಿ ಕ್ಯಾಮೆರಾಕ್ಕೆ ಸಾವಿರ ಕಿ.ಮೀ.ಗೆ ಆರು ಮೀಟರಿನ ಲೆಕ್ಕ. ಅಂದರೆ ಇಲ್ಲಿ ಒಂದು ಪಿಕ್ಸೆಲ್‌ಗೆ ಸುಮಾರು 147 ಮೀಟರ್. ಸುಮಾರು 34 ಕಿ.ಮೀ. ಉದ್ದದ ಪ್ಯಾನ್‌ಗೆ 1,024 ಪಿಕ್ಸೆಲ್ ಅಗಲದ ಫ್ರೇಮಿನಲ್ಲಿ ಸಿಕ್ಕಿದ್ದು ಇನ್ನೂರ ಮೂವತ್ತು. ಅಷ್ಟು ಸಾಕಾಯಿತು.

ನಡುವೆ ಉಬ್ಬಿದ ಗುಂಡು, ಸೊಂಟದ ಸುತ್ತ ತೆಳ್ಳನೆ ಅಂಚು. ಜಗತ್ತೆಲ್ಲ ಇಟಲಿಯ ರವಿಯೋಲಿ ಅನ್ನುತ್ತಿದೆ. ನಾನು ಕರ್ಜಿಕಾಯಿ ಅಂದೆ. ಇವಳು ಇಣುಕಿ ನೋಡಿ, "ಕರ್ಜಿಕಾಯಿ ಅರ್ಧಚಂದ್ರ ಅಲ್ವಾ? ಇದು ಸೂರ್ಯಕಲೆ," ಅಂದಳು. ಹೌದಲ್ಲ! ಸ್ವೀಟ್ ಅಂಗಡಿಯಲ್ಲಿ ಚಂದ್ರಕಲೆಯ ಪಕ್ಕದ ತಟ್ಟೆಯಲ್ಲಿರುತ್ತದಲ್ಲ, ಗುಂಡಗೆ, ಸುತ್ತ ಅಂಚು ಒತ್ತಿದ್ದು. ಚಂದ್ರನೊಬ್ಬ ಸೂರ್ಯಕಲೆಯಂತೆ ಇದ್ದಾನೆ ಅಂತ ಯಾರಿಗೆ ಹೇಳಲಿ.

ಆ ಅಂಚು ಉಂಗುರದ ಪುಡಿಯದ್ದು ಅನ್ನುವ ವಾದವಿದೆ. ಉಂಗುರ ಅಷ್ಟು ತೆಳು, ಉದುರಿದ್ದೆಲ್ಲ ಸೊಂಟದ ಮೇಲೇ ಬಿದ್ದು ಕೂತಿದೆ. ಗುರುತ್ವ ತೀರಾ ಕಮ್ಮಿಯಾದ್ದರಿಂದ ಅಂಚು ಕುಸಿಯದೆ ನಿಂತಿದೆ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಇವನು ಸಿಕ್ಕ ಬಗೆ. ಇವನು ಸುತ್ತುವ ಎಂಕೆ ಓಣಿಯ ಅಂಚು ಅಲೆಅಲೆಯಾಗಿರುವುದನ್ನು ವಾಯೇಜರ್ ನೌಕೆಯ ಫೋಟೋಗಳಲ್ಲಿ ನೋಡಿ, ಅಲ್ಲೊಬ್ಬ ಚಂದ್ರ ಇರಲೇಬೇಕು ಎಂದು 1985ರಲ್ಲಿ ಕುಜ್ಜಿ ಮತ್ತು ಸ್ಕಾರ್ಗಲ್ ಬರೆದರು. 1990ರಲ್ಲಿ ಮಾರ್ಕ್ ಶೋವಾಲ್ಟರ್, ಅವನು ಯಾವ ಯಾವ ಫ್ರೇಮಿನಲ್ಲಿ ಸಿಗಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹುಡುಕಿದರು. ಸಿಕ್ಕ. ವಾಯೇಜರ್ 2 ಆ ಫೋಟೋ ತೆಗೆದಿದ್ದು 1981ರಲ್ಲಿ! ಒಂಬತ್ತು ವರ್ಷ ಆ ಚುಕ್ಕೆ ಡಬ್ಬಿಯೊಳಗೇ ಇತ್ತು. ಯಾರಾದರೂ ನನ್ನಂಥವನು ನೀಟಾಗಿ ಟಚಿಂಗ್ ಮಾಡಿಟ್ಟಿದ್ದರೆ?

ಏಪ್ರಿಲ್ 15

ಮತ್ತೊಬ್ಬ ಮರಿಚಂದ್ರ ಅಟ್ಲಾಸ್, ಸುಮಾರು 11,000 ಕಿ.ಮೀ.ನಿಂದ. ಇವನ ಅಂಚು ಇನ್ನೂ ದಪ್ಪ, ನುಣುಪು. ಮದುವೆ ಸೀಸನ್ನು, ಮೂರು ಆಲ್ಬಂ ಬಾಕಿ. ನೋಡಲು ಪುರುಸೊತ್ತಿಲ್ಲ.

ಸೆಪ್ಟೆಂಬರ್ 15

ಸಂಜೆ 5:25ಕ್ಕೆ ಕ್ಯಾಸಿನಿಯ ಸಿಗ್ನಲ್ ನಿಂತಿತು. ಅಲ್ಲಿಂದ ಇಲ್ಲಿಗೆ ಬರಲು 83 ನಿಮಿಷ. ನಾನು ನಾಲ್ಕು ಗಂಟೆಯ ಕಾಫಿ ಕುಡಿಯುವಾಗಲೇ ನೌಕೆ ಶನಿಯ ಗಾಳಿಯಲ್ಲಿ ಮುಗಿಯುತ್ತಿತ್ತು. ಇಂಧನ ತೀರುತ್ತಾ ಬಂದಿತ್ತು. ಭೂಮಿಯ ಸೂಕ್ಷ್ಮಜೀವಿಯೇನಾದರೂ ಅಂಟಿಕೊಂಡಿದ್ದರೆ ಶನಿಯ ಚಂದ್ರರಾದ ಎನ್ಸೆಲಡಸ್‌ಗೆ, ಟೈಟನ್‌ಗೆ ತಗಲಬಾರದು ಅಂತ ಅವರೇ ಬೀಳಿಸಿದ್ದು. ಕೊನೆಯ ಫೋಟೋಗಳು ನಿನ್ನೆಯವು. ಬೀಳುವಾಗ ಫೋಟೋ ಕಳಿಸುವಷ್ಟು ವೇಗ ಅದರ ರೇಡಿಯೋಗೆ ಇರಲಿಲ್ಲ.

ಅದೇ ಹೊತ್ತಿಗೆ ಪಾಸ್‌ಪೋರ್ಟ್ ಫೋಟೋಗೆ ಹುಡುಗಿಯೊಬ್ಬಳು ಬಂದಳು. ಗಲ್ಲದ ಮಚ್ಚೆ ತೆಗೆದುಬಿಡಿ ಅಂಕಲ್ ಅಂದಳು. ಪಾಸ್‌ಪೋರ್ಟಿಗೆ ಹಾಗೆಲ್ಲ ತೆಗೆಯುವಂತಿಲ್ಲಮ್ಮ ಅಂದೆ. ಮುಖ ಊದಿಸಿಕೊಂಡೇ ಕೂತಳು, ಹಾಗೇ ತೆಗೆದೆ.

ರಾತ್ರಿ 2012ರ ಫೋಲ್ಡರ್ ತೆರೆದಿದ್ದೇನೆ. ಮೆಥೋನಿ, ಮೂರು ಕಿ.ಮೀ. ಅಗಲದ ಮೊಟ್ಟೆಯಂಥ ಚಂದ್ರ, ಮೈಮೇಲೆ ಒಂದು ಕುಳಿಯೂ ಕಾಣಿಸುತ್ತಿಲ್ಲ. ಕಾಂಟ್ರಾಸ್ಟ್ ಏರಿಸಿ ನೋಡಿದೆ. ಇಲ್ಲ. ಇನ್ನಷ್ಟು ಏರಿಸಿದೆ.