ಮಂಗಟ್ಟೆ ಹಕ್ಕಿಯ ಊಟ, ಬಾಳಂತನ

ಮೈಸೂರು ಝೂಗೆ ಹೋದವೆಲ್ಲ ಹುಲಿ, ಆನೆ, ಜಿರಾಫೆ ನೋಡ್ಕಂಡು ಬತ್ತ. ಯಂಗೆ ಮಾತ್ರ ದಾಸ ಮಂಗಟ್ಟೆ ಪಂಜರದ ಎದುರಿಂದ ಕಾಲು ತೆಗೆಯಲೇ ಮನಸ್ಸಾಜಿಲ್ಲೆ. "ನಮ್ಮ ಬೆಟ್ಟದಲ್ಲಿಪ್ಪ ಹಕ್ಕಿ ನೋಡಲೆ ಮೈಸೂರಿಗೆ ಬರವನೇ ಆಯಿ?" ಹೇಳಿ ಮಗಳಿಗೆ ನೆಗೆ. ಬೆಟ್ಟದಲ್ಲಿ ಅದು ಮರದ ತುದಿಲಿರ್ತು, ರೆಕ್ಕೆ ಬಡ್ಯ ಶಬ್ದ ಮಾತ್ರ ಕೇಳ್ತು. ಇಲ್ಲಿ ಉಂಬುದನ್ನೂ ಕಾಂಬಲಾಗ್ತು.

ಅದು ತಿಂಬ ಚೆಂದವೇ ಬೇರೆ. ಅಷ್ಟುದ್ದ ಕೊಕ್ಕು, ಆದ್ರೆ ನಾಲಿಗೆ ಗಿಡ್ಡ. ಕೊಕ್ಕಿನ ತುದಿಲಿದ್ದದ್ದು ಗಂಟಲಿಗೆ ಮುಟ್ತಿಲ್ಲೆ. ಅದಕ್ಕೇ ಹಣ್ಣಿನ ಹೋಳನ್ನ ತುದಿಲಿ ಕಚ್ಚಿ, ತಲೆ ಎತ್ತಿ ಹಾರಿಸಿ ಗುಳುಂ ಹೇಳಿ ನುಂಗ್ತು. ಶೇಂಗಾ ಹಾರಿಸಿ ಬಾಯಲ್ಲಿ ಹಿಡಿವ ಮಾಣಿ ಹಾಂಗೇ! ಗಂಡಿನ ಕಣ್ಣು ಕೆಂಪು, ಹೆಣ್ಣಿಂದು ಬಿಳಿ. ಕೆಂಪು ಕಣ್ಣಿಂದು ಒಂದು ಹೋಳು ನುಂಗದ್ದೇ ಇಟ್ಗಂಡು, ಹೆಣ್ಣಿನ ಬಾಯಿಗೆ ಕೊಟ್ಟಿಕ್ಕಿ ಬಂತು. ತಟ್ಟೆ ಎರಡಕ್ಕೂ ಎದುರಿಗೇ ಇತ್ತು!

ಈ ಕೊಡುವ ರೂಢಿ ಕಾಡಿಂದ ಬಂದದ್ದು. ಅಲ್ಲಿ ಹೆಣ್ಣು ಹಳೇ ಮರದ ಪೊಟರೆ ಹೊಕ್ಕು, ತನ್ನ ಹಿಕ್ಕೆಯನ್ನೇ ಮೆತ್ತಿ ಬಾಗಿಲು ಮುಚ್ಚಿಕೊಳ್ತು. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡ್ತು. ಒಳಗೆ ಒಂದೋ ಎರಡೋ ಮೊಟ್ಟೆ, ಮರಿಯಾಗಲೆ ಸುಮಾರು 40 ದಿನ. ರೆಕ್ಕೆಯ ಗರಿ ಉದುರಿಸಿಕೊಂಡು ಕೂತದ್ದಕ್ಕೆ ಹಾರಲೂ ಬತ್ತಿಲ್ಲೆ. ನಮ್ಮ ಬಾಳಂತಿಯರನ್ನ ಆಯಿಯೋ ಅತ್ತೆಯೋ ನೋಡ್ಕಂಡ. ಇಲ್ಲಿ ಎಲ್ಲದೂ ಗಂಡನೇ. ಗೋಳಿ, ಅತ್ತಿ, ಬಸರಿ ಹಣ್ಣನ್ನ ಗಂಟಲಲ್ಲಿ ತುಂಬಿಕೊಂಡು ಬಂದು, ಒಂದೊಂದೇ ಹೊರತೆಗೆದು ಸೀಳಲ್ಲಿ ಕೊಡ್ತು. ತಿಂಗಳುಗಟ್ಟಲೆ ಇದೇ ಕೆಲಸ. ಆ ಗಂಡಿಗೆ ಏನಾದ್ರೂ ಆದ್ರೆ ಒಳಗಿದ್ದವಕ್ಕೆ ಊಟ ಇಲ್ಲೆ.

ದಾಂಡೇಲಿಲಿ 2011ರಲ್ಲಿ ಈ ಹಕ್ಕಿಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದ. ನಮ್ಮ ಸೊಪ್ಪಿನ ಬೆಟ್ಟ ಅದರೊಳಗೆ ಬತ್ತಿಲ್ಲೆ. ನಂಗಳೇ ನೋಡ್ಕಳವು. ನಮ್ಮನೆ ಬೆಟ್ಟದಲ್ಲೊಂದು ದೊಡ್ಡ ಟೊಳ್ಳು ಮರ ಇದ್ದು. "ಒಳಗೆ ಎಂತದೂ ಇಲ್ಲೆ, ತೆಗೆಸುವ" ಹೇಳಿ ಮನೆಲಿ ಮಾತು ನಡೀತಾ ಇದ್ದು. ಒಳಗೆ ಎಂತದೂ ಇಲ್ಲದ್ದಕ್ಕೇ ಅದು ಹಕ್ಕಿಗೆ ಮನೆ ಅಲ್ದಾ? ಆನು ಬ್ಯಾಡ ಹೇಳಿದ್ದಿ. ಸೌದೆ ಬೇರೆ ಎಲ್ಲಾದ್ರೂ ಸಿಕ್ತು, ಅಂಥ ಪೊಟರೆ ಆಗಲೆ ನಮ್ಮ ಅಜ್ಜನ ಕಾಲದಿಂದ ಬೇಕಾಯ್ದು.

ಅಕ್ಕ-ತಂಗಿಯರೇ, ನಿಂಗಳ ಬೆಟ್ಟಕ್ಕೂ ಕೊಡ್ಲಿ ಬಪ್ಪ ಮೊದ್ಲು ಮರದ ಬುಡ ಒಂದ್ಸಲ ನೋಡಿ. ಪೊಟರೆ ಕೆಳಗೆ ಹಣ್ಣಿನ ಬೀಜ ರಾಶಿ ಬಿದ್ದಿದ್ರೆ, ಮೇಲೆ ಬಾಳಂತಿ ಇದ್ದು ಹೇಳಿ ತಿಳ್ಕಳಿ.